ಸ್ಪೆಕ್ ದಾಟಿದ ಅಳತೆಗೆ ಸಾಫ್ಟ್‌ವೇರ್ ತಾನಾಗಿ ಸ್ಪಂದಿಸುವಂತೆ ಮಾಡುವುದು ಹೇಗೆ: ಮಾಚೇನಹಳ್ಳಿಯ ಒಂದು ಕಾರ್ಖಾನೆಯಿಂದ ಸಮಗ್ರ ಮಾರ್ಗದರ್ಶಿ

ಎರಡು ವರ್ಷದ ಹಿಂದೆ, ಪುನರ್ವಸು ಮಳೆ ಬಿಡದೆ ಹಿಡಿದಿದ್ದ ವಾರ. ಶಿವಮೊಗ್ಗ–ಭದ್ರಾವತಿ ನಡುವಿನ ಮಾಚೇನಹಳ್ಳಿಯಲ್ಲಿ ನಾನು ಕೆಲಸ ಮಾಡುವ ಕಾರ್ಖಾನೆಯಲ್ಲಿ ರಾತ್ರಿ ಒಂದೂಕಾಲಿಗೆ ಹಬ್ ಎಂಬ ಎರಕದ ಬಿಡಿಭಾಗವೊಂದರ ಬೋರ್ (ನಡುವಿನ ರಂಧ್ರ) ಅಳತೆ ಸ್ಪೆಕ್‌ಗಿಂತ, ಅಂದರೆ ಗ್ರಾಹಕರು ಒಪ್ಪುವ ಮಿತಿಗಿಂತ, ಕೆಳಗಿಳಿಯಿತು. ಸಾಫ್ಟ್‌ವೇರ್ ಅದನ್ನು ನೋಡಿತು. ಪರದೆಯ ಮೇಲೆ ಕೆಂಪು ಚುಕ್ಕೆ ಇಟ್ಟಿತು, ಕ್ವಾಲಿಟಿ ಎಂಜಿನಿಯರ್‌ಗೆ ಇಮೇಲ್ ಕಳಿಸಿತು. ಆ ಎಂಜಿನಿಯರ್ ನಾನೇ. ಅವತ್ತು ರಜೆ ಹಾಕಿ ತೀರ್ಥಹಳ್ಳಿ ಕಡೆಯ ನಮ್ಮೂರಿಗೆ ಹೋಗಿದ್ದೆ. ಮಧ್ಯಾಹ್ನವೇ ಕರೆಂಟು ಹೋಗಿ, ಸಂಜೆ ಹೊತ್ತಿಗೆ ಮೊಬೈಲ್ ಟವರ್ ಕೂಡ ಸತ್ತಿತ್ತು. ಬೆಳಿಗ್ಗೆ ಸಿಗ್ನಲ್ ಸಿಕ್ಕು ಮೇಲ್ ತೆರೆಯುವಷ್ಟರಲ್ಲಿ 190 ಹಬ್‌ಗಳು ಮುಂದಿನ ಯಂತ್ರ ದಾಟಿ ಪ್ಯಾಕಿಂಗ್ ಟೇಬಲ್ ಮೇಲೆ ಕೂತಿದ್ದವು. ಬೋರ್ ಸಣ್ಣದಾಗಿದ್ದರಿಂದ ಮತ್ತೆ ಬೋರ್ ಹೊಡೆದು ಉಳಿಸಿಕೊಂಡೆವು. ದೊಡ್ಡದಾಗಿದ್ದರೆ ಅಷ್ಟೂ ಗುಜರಿಗೆ.

ಆ ರಾತ್ರಿ ಪಾಳಿಯಲ್ಲಿದ್ದವರನ್ನು ದೂರುವುದಕ್ಕೆ ನನಗೆ ಮನಸ್ಸು ಬರಲಿಲ್ಲ. ಕೆಂಪು ಚುಕ್ಕೆ ಕಂಡಾಗ ಏನು ಮಾಡಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಸಾಫ್ಟ್‌ವೇರ್‌ಗೆ ಅದನ್ನು ಹೇಳಿಕೊಡಬೇಕಾಗಿದ್ದ ನಾನು ಇಮೇಲ್ ವಿಳಾಸ ಒಂದನ್ನು ತುಂಬಿ ಕೈ ತೊಳೆದುಕೊಂಡಿದ್ದೆ. ಆಮೇಲೆ ಇಡೀ ವ್ಯವಸ್ಥೆಯನ್ನು ಬುಡದಿಂದ ಕಟ್ಟಿದೆವು. ಹೇಗೆ ಕಟ್ಟಿದೆವು ಎಂಬುದನ್ನು ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ನಿಮ್ಮಲ್ಲಿರುವ ಎಸ್‌ಪಿಸಿ (ಅಳತೆಗಳ ಅಂಕಿಅಂಶದಿಂದ ಉತ್ಪಾದನೆಯ ಮೇಲೆ ಕಣ್ಣಿಡುವ) ಸಾಫ್ಟ್‌ವೇರ್ ಯಾವುದೇ ಇರಲಿ, ಮೆನುವಿನ ಹೆಸರು ಬೇರೆಯಾದೀತು, ಕೆಲಸ ಇದೇ.

ಹೆಜ್ಜೆ 1: ಮೊದಲು ಕಾಗದದ ಮೇಲೆ ಬರೆಯಿರಿ

ಸಾಫ್ಟ್‌ವೇರ್ ತೆರೆಯುವ ಮುಂಚೆ ಕಂಟ್ರೋಲ್ ಪ್ಲಾನ್ (ಯಾವ ಅಳತೆಯನ್ನು ಹೇಗೆ ನೋಡಬೇಕೆಂಬ ಪಟ್ಟಿ) ತೆಗೆದು ಅದರ ಕೊನೆಯ ಕಾಲಂ ನೋಡಿ. 'ರಿಯಾಕ್ಷನ್ ಪ್ಲಾನ್' ಎಂದಿರುತ್ತದೆ, ಅಂದರೆ ಅಳತೆ ಕೆಟ್ಟರೆ ಏನು ಮಾಡಬೇಕು ಎಂಬುದು. ಎಷ್ಟೋ ಕಡೆ ಅಲ್ಲಿ 'ಸೂಪರ್‌ವೈಸರ್‌ಗೆ ತಿಳಿಸಿ' ಎಂದಷ್ಟೇ ಬರೆದು, ಕೆಳಗಿನ ಸಾಲುಗಳಿಗೆಲ್ಲ ಅದನ್ನೇ ಎಳೆದಿರುತ್ತಾರೆ. ನಮ್ಮದೂ ಹಾಗೇ ಇತ್ತು. ಅದನ್ನು ಹಾಗೇ ಸಾಫ್ಟ್‌ವೇರ್‌ಗೆ ಹಾಕಿದರೆ ಗದ್ದಲ ಹೆಚ್ಚುತ್ತದೆಯೇ ಹೊರತು ಒಂದು ಪೀಸೂ ನಿಲ್ಲುವುದಿಲ್ಲ.

ಪ್ರತಿ ಅಳತೆಗೂ ಇಷ್ಟು ಪ್ರಶ್ನೆ ಕೇಳಿ: ಕೆಟ್ಟ ಅಳತೆ ಬಂದ ಮೇಲೆ ಮಾಲು ಕೈ ತಪ್ಪಿ ಹೋಗುವುದಕ್ಕೆ ಎಷ್ಟು ನಿಮಿಷ ಇದೆ? ಅಷ್ಟರೊಳಗೆ ಅಲ್ಲಿ ಇರುವವರು ಯಾರು? ಅವರ ಕೈಯಿಂದ ಆಗುವ ಕೆಲಸ ಯಾವುದು? ಎಲ್ಲ ಅಳತೆಗೂ ಒಂದೇ ಉತ್ತರ ಬಾರದು. ನಮ್ಮಲ್ಲಿಯ ಮೂರು ಉದಾಹರಣೆ ಹೇಳುತ್ತೇನೆ.

ಎಸ್‌ಜಿ ಐರನ್ ಎಂಬ ಎರಕದ ಕಬ್ಬಿಣಕ್ಕೆ, ಕರಗಿದ ಲೋಹ ಹೊರುವ ಲ್ಯಾಡಲ್‌ನಲ್ಲಿ ಮೆಗ್ನೀಸಿಯಂ ಕೊಡುತ್ತೇವೆ. ಗ್ರಾಫೈಟ್ ಉಂಡೆಯಾಗಿ ಕೂರುವುದು ಅದರಿಂದಲೇ. ಆದರೆ ಮೆಗ್ನೀಸಿಯಂ ನಿಲ್ಲುವ ಧಾತುವಲ್ಲ, ನಿಮಿಷ ಕಳೆದಂತೆ ಉರಿದು, ಆವಿಯಾಗಿ ಕಡಿಮೆಯಾಗುತ್ತದೆ. ಲೋಹದಲ್ಲಿನ ಧಾತುಗಳನ್ನು ಅಳೆಯುವ ಸ್ಪೆಕ್ಟ್ರೋಮೀಟರ್‌ನಲ್ಲಿ ಮೆಗ್ನೀಸಿಯಂ ಕಡಿಮೆ ಎಂದು ಬಂದರೆ ಸ್ಪಂದನೆಗೆ ಇರುವುದು ಬೆರಳೆಣಿಕೆಯ ನಿಮಿಷ. ಅಲ್ಲಿ ಮ್ಯಾನೇಜರ್‌ಗೆ ಇಮೇಲ್ ಹೋಗಿ ಏನೂ ಉಪಯೋಗವಿಲ್ಲ. ಲೋಹ ಸುರಿಯುವ ಜಾಗದಲ್ಲೇ ಕಾಣುವ ದೀಪ ಬೇಕು. ಬೋರ್ ಅಳತೆಗೆ ಇಷ್ಟು ಆತುರವಿಲ್ಲ. ಗಂಟೆಗೆ 40 ಹಬ್ ಬರುವ ಲೈನಿನಲ್ಲಿ ಹತ್ತು ನಿಮಿಷ ತಡವಾದರೆ ಆರೇಳು ಪೀಸು ಹೆಚ್ಚು ಹಿಡಿದಿಡಬೇಕಾಗುತ್ತದೆ, ಅಷ್ಟೇ. ಅಚ್ಚಿನ ಮರಳಿನ ತೇವಾಂಶ ಇನ್ನೂ ನಿಧಾನದ್ದು. ಅದರ ಪರಿಣಾಮ ಎರಕ ತಣ್ಣಗಾಗಿ, ಅಚ್ಚು ಒಡೆದು, ಶಾಟ್ ಬ್ಲಾಸ್ಟ್ (ಲೋಹದ ಕಾಳು ಹೊಡೆದು ಶುಚಿಮಾಡುವುದು) ಆದ ಮೇಲೆ ಬ್ಲೋಹೋಲ್ (ಗಾಳಿತೂತು) ಆಗಿ ಕಾಣುತ್ತದೆ. ಅಲ್ಲಿ ಮುಂದಿನ ಮಿಕ್ಸಿಂಗ್ ಬ್ಯಾಚ್ ತಡೆದು ನೀರು ಸರಿಮಾಡುವುದೇ ಸ್ಪಂದನೆ.

ಈ ಪಟ್ಟಿ ಮಾಡುವಾಗ ಆಪರೇಟರ್‌ಗಳನ್ನು ಕೂರಿಸಿಕೊಳ್ಳಿ. ನಮ್ಮ ಮೋಲ್ಡಿಂಗ್ ವಿಭಾಗದಲ್ಲಿ ಅಪ್ಪ, ದೊಡ್ಡಪ್ಪ ಎಲ್ಲ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದ ಮನೆಯಿಂದ ಬಂದವರಿದ್ದಾರೆ. 1923ರಿಂದ ಆ ಊರಿನ ಮನೆಮನೆಗೂ ಹಬ್ಬಿದ ಅನುಭವ ಅದು. ಮುಷ್ಟಿಯಲ್ಲಿ ಮರಳು ಹಿಡಿದು ಬಿಟ್ಟು 'ಸಾರ್, ನೀರು ಜಾಸ್ತಿಯಾಗಿದೆ' ಎನ್ನುವವರು ನಿಮ್ಮ ಪಟ್ಟಿಯಲ್ಲಿ ಯಾವುದು ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂದು ಮುಖ ನೋಡಿಯೇ ಹೇಳುತ್ತಾರೆ.

ಹೆಜ್ಜೆ 2: ಎರಡು ಗೆರೆಗಳನ್ನು ಬೇರೆ ಬೇರೆ ಇಡಿ

ಅತಿ ಹೆಚ್ಚು ತಪ್ಪು ಆಗುವುದು ಇಲ್ಲಿ, ಹಾಗಾಗಿ ಸ್ವಲ್ಪ ನಿಧಾನಿಸುತ್ತೇನೆ.

ಸ್ಪೆಕ್ ಮಿತಿ ಗ್ರಾಹಕರ ಡ್ರಾಯಿಂಗ್‌ನಿಂದ ಬರುತ್ತದೆ. ಕಂಟ್ರೋಲ್ ಮಿತಿ ನಿಮ್ಮ ಯಂತ್ರದ ನಡವಳಿಕೆಯಿಂದ ಬರುತ್ತದೆ. ಅಮೆರಿಕದ ಬೆಲ್ ಟೆಲಿಫೋನ್ ಸಮೂಹದ ವಾಲ್ಟರ್ ಶೆವಾರ್ಟ್ 1924ರಲ್ಲಿ ಮೊದಲ ಕಂಟ್ರೋಲ್ ಚಾರ್ಟ್ ಬರೆದುಕೊಟ್ಟದ್ದೇ ಈ ಎರಡನೆಯದಕ್ಕಾಗಿ. ಪ್ರಕ್ರಿಯೆ ತನ್ನ ಸಹಜ ಏರಿಳಿತ ಬಿಟ್ಟು ಬೇರೆ ಏನಾದರೂ ಹೇಳುತ್ತಿದೆಯೇ ಎಂದು ತಿಳಿಯಲು.

ಲೆಕ್ಕ ಹಾಕಿ ನೋಡೋಣ. ಹಬ್‌ನ ಬೋರ್ 62 ಎಚ್7, ಅಂದರೆ 62.000ದಿಂದ 62.030 ಮಿ.ಮೀ. ಗಂಟೆಗೊಮ್ಮೆ ಐದು ಪೀಸು ಅಳೆಯುತ್ತೇವೆ. 25 ಗುಂಪುಗಳ ಅಳತೆ ತೆಗೆದಾಗ ಒಟ್ಟು ಸರಾಸರಿ 62.014, ಪ್ರತಿ ಗುಂಪಿನ ದೊಡ್ಡ–ಚಿಕ್ಕ ಅಳತೆಗಳ ಅಂತರದ ಸರಾಸರಿ 0.007 ಎಂದಿಟ್ಟುಕೊಳ್ಳಿ. ಐದರ ಗುಂಪಿಗೆ ಎಸ್‌ಪಿಸಿ ಕೋಷ್ಟಕದ ಗುಣಕ 0.577 (ಮುಂದೆ ಬರುವ 2.114, 2.326 ಕೂಡ ಅಂಥವೇ). 0.007 ಇಂಟು 0.577 ಎಂದರೆ 0.004. ಹಾಗಾಗಿ ಸರಾಸರಿಯ ಕಂಟ್ರೋಲ್ ಮಿತಿ 62.010ರಿಂದ 62.018. ಅಂತರದ ಚಾರ್ಟಿಗೆ ಮೇಲ್ಮಿತಿ 2.114 ಇಂಟು 0.007, ಅಂದರೆ ಸುಮಾರು 0.015. ಸಿಗ್ಮಾ (ಅಳತೆಗಳು ಎಷ್ಟು ಚದುರಿವೆ ಎಂಬುದು) ಬೇಕಿದ್ದರೆ 0.007 ಅನ್ನು 2.326ರಿಂದ ಭಾಗಿಸಿ, 0.003 ಸಿಗುತ್ತದೆ. ಸಿಪಿಕೆ, ಅಂದರೆ ಸರಾಸರಿಗೂ ಹತ್ತಿರದ ಸ್ಪೆಕ್ ಮಿತಿಗೂ ಇರುವ ಅಂತರವನ್ನು ಮೂರು ಸಿಗ್ಮಾದಿಂದ ಭಾಗಿಸಿದ್ದು, 1.55 ಬರುತ್ತದೆ. ಒಳ್ಳೆಯ ಲೈನು.

ಈಗ ಒಂದು ಗುಂಪಿನ ಸರಾಸರಿ 62.020 ಬಂತು ಅನ್ನಿ. ಕಂಟ್ರೋಲ್ ಮಿತಿ ದಾಟಿದೆ, ಆದರೆ ಐದಕ್ಕೆ ಐದೂ ಪೀಸು ಸ್ಪೆಕ್ ಒಳಗೇ ಇವೆ. ಇಲ್ಲಿ ಮಾಲು ತಡೆಯುವ ಅಗತ್ಯವಿಲ್ಲ, ಯಂತ್ರ ನೋಡಬೇಕು. ಇನ್ನೊಂದು ಗುಂಪಿನಲ್ಲಿ ಒಂದೇ ಪೀಸು 61.998 ಬಂತು, ಉಳಿದವು ಸರಿಯಾಗಿದ್ದು ಸರಾಸರಿಯೂ ಒಳಗೇ ಇದೆ. ಇಲ್ಲಿ ಮಾಲು ತಡೆಯಲೇಬೇಕು. ಇಷ್ಟರಿಂದ ಸಾಫ್ಟ್‌ವೇರ್‌ಗೆ ಎರಡು ಬೇರೆ ನಿಯಮ ಸಿಗುತ್ತವೆ: ಒಂಟಿ ಅಳತೆಯನ್ನು ಸ್ಪೆಕ್ ಜೊತೆ ಹೋಲಿಸು, ದಾಟಿದರೆ ಮಾಲು ತಡೆ. ಗುಂಪಿನ ಸರಾಸರಿಯನ್ನು ಕಂಟ್ರೋಲ್ ಮಿತಿ ಜೊತೆ ಹೋಲಿಸು, ದಾಟಿದರೆ ಯಂತ್ರ ನೋಡಲು ಕರೆ. ಸರಾಸರಿಯ ಚಾರ್ಟಿನ ಮೇಲೆ ಸ್ಪೆಕ್ ಗೆರೆ ಎಳೆಯಬೇಡಿ. ಅದನ್ನು ನೋಡಿದವರು 'ಇನ್ನೂ ಬೇಕಾದಷ್ಟು ಜಾಗ ಇದೆ' ಎಂದು ಸುಮ್ಮನಾಗುತ್ತಾರೆ.

ಕಂಟ್ರೋಲ್ ಮಿತಿಯನ್ನು 20–25 ಗುಂಪು ಆದ ಮೇಲೆ ಬಿಗಿದು ಬೀಗ ಹಾಕಿ. ಪ್ರತಿ ಹೊಸ ಅಳತೆಗೂ ಮಿತಿಯನ್ನು ಹೊಸದಾಗಿ ಲೆಕ್ಕ ಹಾಕುವ ಆಯ್ಕೆ ಕೆಲವು ಸಾಫ್ಟ್‌ವೇರ್‌ಗಳಲ್ಲಿ ಮೊದಲೇ ಟಿಕ್ ಆಗಿರುತ್ತದೆ. ಅದು ಹಾಗೇ ಇದ್ದರೆ ಪ್ರಕ್ರಿಯೆ ಜಾರಿದಂತೆಲ್ಲ ಮಿತಿಯೂ ಅದರ ಹಿಂದೆ ಜಾರಿ, ಎಚ್ಚರಿಕೆ ಎಂದೂ ಬರುವುದಿಲ್ಲ.

ಹೆಜ್ಜೆ 3: ಗೇಜು ನಂಬುವಂಥದ್ದೇ?

ಗೇಜ್ ಆರ್ ಆಂಡ್ ಆರ್ ಮಾಡಿ, ಅಂದರೆ ಅದೇ ಪೀಸನ್ನು ಬೇರೆ ಬೇರೆಯವರು ಮತ್ತೆ ಮತ್ತೆ ಅಳೆದಾಗ ಅಳತೆಯಿಂದಲೇ ಬರುವ ವ್ಯತ್ಯಾಸ ಎಷ್ಟೆಂದು ನೋಡಿ. ಶೇ. 10ಕ್ಕಿಂತ ಕಡಿಮೆ ಇದ್ದರೆ ನಿಶ್ಚಿಂತೆ. 10ರಿಂದ 30ರೊಳಗೆ ಇದ್ದರೆ ಯೋಚಿಸಿ ಬಳಸಿ. 30 ದಾಟಿದರೆ ಆ ಗೇಜಿನ ಅಳತೆಗೆ ಯಾವ ಸ್ವಯಂಚಾಲಿತ ಸ್ಪಂದನೆಯನ್ನೂ ಕಟ್ಟಬೇಡಿ. ಕ್ಯಾಲಿಬ್ರೇಶನ್ ದಿನಾಂಕ ಮೀರಿದ ಗೇಜಿನಿಂದ ಅಳತೆಯನ್ನೇ ತೆಗೆದುಕೊಳ್ಳದಂತೆ ಸಾಫ್ಟ್‌ವೇರ್‌ನಲ್ಲಿ ತಡೆ ಹಾಕಬಹುದು, ಹಾಕಿ.

ಸಾಧ್ಯವಿರುವ ಕಡೆಯೆಲ್ಲ ಗೇಜಿನಿಂದ ನೇರ ಕೇಬಲ್ಲೋ ವೈರ್‌ಲೆಸ್ಸೋ ಕೊಡಿ. ಕೈಯಿಂದ ಟೈಪ್ ಮಾಡುವ ಕಡೆ 62.015 ಎಂಬುದು 6.2015 ಆಗುತ್ತದೆ, 62.15 ಆಗುತ್ತದೆ. ಇದಕ್ಕೆ ಮೂರನೆಯ ಒಂದು ಮಿತಿ ಬೇಕು. ನಾವು ಅದನ್ನು 'ಸಂಭವ ಮಿತಿ' ಎನ್ನುತ್ತೇವೆ. ಹಬ್ ಬೋರ್‌ಗೆ 61.9ರಿಂದ 62.1 ಇಟ್ಟಿದ್ದೇವೆ. ಅದರಾಚೆಯ ಅಂಕಿ ಹೊಡೆದರೆ ಸಾಫ್ಟ್‌ವೇರ್ 'ಮತ್ತೊಮ್ಮೆ ನೋಡಿ ಹಾಕಿ' ಎನ್ನುತ್ತದೆ, ಲೈನು ನಿಲ್ಲಿಸುವುದಿಲ್ಲ. ಅದೇ ಅಂಕಿ ಎರಡನೇ ಸಲವೂ ಬಂದರೆ ನಿಜವೆಂದು ತೆಗೆದುಕೊಂಡು ಸ್ಪೆಕ್ ದಾಟಿದ ಅಳತೆಯಂತೆಯೇ ನಡೆಸುತ್ತದೆ. 62.15 ಕೂಡ ಒಮ್ಮೊಮ್ಮೆ ನಿಜವಿರುತ್ತದೆ. ತಪ್ಪು ಇನ್ಸರ್ಟ್ (ಟೂಲಿನ ಕತ್ತರಿಸುವ ತುದಿ) ಕೂರಿಸಿದ ದಿನ ನೋಡಿದ್ದೇನೆ.

ಹೆಜ್ಜೆ 4: ಎಷ್ಟು ನಿಯಮ ಸಾಕು

ಹೆಚ್ಚಿನ ಸಾಫ್ಟ್‌ವೇರ್‌ಗಳಲ್ಲಿ ಚಾರ್ಟ್ ನೋಡಿ ಎಚ್ಚರಿಸಲು 1956ರ ವೆಸ್ಟರ್ನ್ ಎಲೆಕ್ಟ್ರಿಕ್ ಕೈಪಿಡಿಯ ನಾಲ್ಕು ನಿಯಮಗಳಿರುತ್ತವೆ, 1984ರಲ್ಲಿ ಲಾಯ್ಡ್ ನೆಲ್ಸನ್ ಪಟ್ಟಿಮಾಡಿದ ಎಂಟೂ ಇರುತ್ತವೆ. ಎಲ್ಲದಕ್ಕೂ ಟಿಕ್ ಹಾಕುವ ಆಸೆ ಬರುತ್ತದೆ. ಬೇಡ. ಏಕೆಂದು ಲೆಕ್ಕವೇ ಹೇಳುತ್ತದೆ.

ಮೂರು ಸಿಗ್ಮಾದ ಆಚೆ ಒಂದು ಬಿಂದು ಎಂಬ ಮೊದಲ ನಿಯಮ ಮಾತ್ರ ಇದ್ದರೂ, ಪ್ರಕ್ರಿಯೆ ಪೂರ್ತಿ ಸರಿಯಿದ್ದಾಗ ಸರಾಸರಿ 370 ಬಿಂದುವಿಗೊಮ್ಮೆ ಹುಸಿ ಎಚ್ಚರಿಕೆ ಬರುತ್ತದೆ. ವೆಸ್ಟರ್ನ್ ಎಲೆಕ್ಟ್ರಿಕ್‌ನ ನಾಲ್ಕೂ ನಿಯಮ ಹಾಕಿದರೆ ಸುಮಾರು 92ಕ್ಕೊಮ್ಮೆ. ನಿಮ್ಮಲ್ಲಿ 40 ಅಳತೆಗಳನ್ನು ಗಂಟೆಗೊಮ್ಮೆ, ಮೂರೂ ಪಾಳಿ ನೋಡುತ್ತೀರಿ ಅನ್ನಿ. ದಿನಕ್ಕೆ 960 ಬಿಂದು. ಒಂದೇ ನಿಯಮಕ್ಕೆ ದಿನಕ್ಕೆ ಎರಡು–ಮೂರು ಹುಸಿ ಕರೆ, ನಾಲ್ಕಕ್ಕೆ ಹತ್ತು. ಏನೂ ತಪ್ಪಿಲ್ಲದ ದಿನ ಹತ್ತು ಸಲ ಓಡಿಬಂದ ಆಪರೇಟರ್ ಹನ್ನೊಂದನೆಯ ಸಲ ಬರುವುದಿಲ್ಲ. ತೋಳ ಬಂತು ತೋಳ ಎಂದು ಕೂಗಿದ ಹುಡುಗನ ಕಥೆ ನಮಗೆಲ್ಲ ಗೊತ್ತು. ಇಲ್ಲಿ ಆ ಹುಡುಗ ನಮ್ಮ ಸಾಫ್ಟ್‌ವೇರ್.

ನಾನು ಎಲ್ಲ ಅಳತೆಗೂ ಮೊದಲ ನಿಯಮ ಇಟ್ಟಿದ್ದೇನೆ. ಗ್ರಾಹಕರು ವಿಶೇಷ ಗುರುತು ಹಾಕಿದ ಅಳತೆಗಳಿಗೆ ಮಾತ್ರ 'ಸತತ ಎಂಟು ಬಿಂದು ಒಂದೇ ಪಕ್ಕದಲ್ಲಿ' ಎಂಬುದನ್ನು ಸೇರಿಸಿದ್ದೇನೆ. ಬೋರಿಂಗ್ ಇನ್ಸರ್ಟ್ ಸವೆದಂತೆ ಬೋರ್ ಸಣ್ಣದಾಗುತ್ತಾ ಹೋಗುವುದು ಸಹಜ. ಅದಕ್ಕೆ ಇಳಿಜಾರಿನ ನಿಯಮ ಹಾಕಿ ಪ್ರತಿ ಪಾಳಿ ಬೊಬ್ಬೆ ಹಾಕಿಸುವ ಬದಲು ಪೀಸಿನ ಎಣಿಕೆ ಇಟ್ಟು ಇನ್ಸರ್ಟ್ ಬದಲಿಸುವುದು ಮೇಲು.

ಕೆಲವು ಸಾಫ್ಟ್‌ವೇರ್‌ಗಳು ಅಳತೆ ನೋಡಿ ಯಂತ್ರದ ಆಫ್‌ಸೆಟ್ (ಟೂಲ್ ಎಲ್ಲಿ ಕತ್ತರಿಸಬೇಕೆಂಬ ಹೊಂದಾಣಿಕೆ) ತಾವೇ ಬದಲಿಸುತ್ತವೆ. ಆಕರ್ಷಕವಾಗಿದೆ, ಆದರೆ ಪ್ರತಿ ಪೀಸಿಗೂ ತಿದ್ದುವಂತೆ ಇಡಬೇಡಿ. ಗುಣಮಟ್ಟದ ತಜ್ಞ ಡೆಮಿಂಗ್ ತಮ್ಮ ತರಗತಿಗಳಲ್ಲಿ ಗೋಲಿ ಮತ್ತು ಆಲಿಕೆ ಇಟ್ಟುಕೊಂಡು ತೋರಿಸುತ್ತಿದ್ದದ್ದು ಇದನ್ನೇ. ಸ್ಥಿರವಾಗಿರುವ ಪ್ರಕ್ರಿಯೆಯನ್ನು ಪ್ರತಿ ಸಲವೂ ಹಿಂದಿನ ತಪ್ಪಿನಷ್ಟೇ ತಿದ್ದುತ್ತಾ ಹೋದರೆ ವೇರಿಯನ್ಸ್ (ಸಿಗ್ಮಾದ ವರ್ಗ) ಎರಡು ಪಟ್ಟಾಗುತ್ತದೆ.

ಹೆಜ್ಜೆ 5: ಸ್ಪಂದನೆಯ ಸರಪಳಿ ಜೋಡಿಸುವುದು

ಸ್ಪೆಕ್ ದಾಟಿದ ಅಳತೆಗೆ ಸರಪಳಿಯ ಕ್ರಮ ಬಹಳ ಮುಖ್ಯ. ಮೊದಲು ಮಾಲು ನಿಲ್ಲಲಿ, ಆಮೇಲೆ ಮೆಸೇಜು ಹೋಗಲಿ. ನಾವು ಮೊದಲು ಮಾಡಿದ್ದು ತಿರುಗಾಮುರುಗಾ: ಮೆಸೇಜು ನೋಡಿದವರು ಬಂದು ಮಾಲು ನಿಲ್ಲಿಸಲಿ ಎಂದು ಬಿಟ್ಟಿದ್ದೆವು.

ಸಾಫ್ಟ್‌ವೇರ್‌ನ 'ಈವೆಂಟ್' ಅಥವಾ 'ಟ್ರಿಗರ್' ಎಂಬ ಕಡೆ ಹೋಗಿ, ಸ್ಪೆಕ್ ದಾಟಿದ ಘಟನೆಗೆ ಮೊದಲ ಕ್ರಿಯೆಯಾಗಿ ಲಾಟಿನ (ಮಾಲಿನ ಕಂತಿನ) ಸ್ಥಿತಿಯನ್ನು 'ತಡೆ' ಎಂದು ಬದಲಿಸಿ. ಇಆರ್‌ಪಿ (ದಾಸ್ತಾನು, ಬಿಲ್ಲು ನೋಡುವ ಕಂಪನಿಯ ಸಾಫ್ಟ್‌ವೇರ್) ಜೋಡಣೆ ಇದ್ದರೆ ಡಿಸ್ಪ್ಯಾಚ್ ಬಿಲ್ಲೇ ಆಗದಂತೆ ಆಗಬೇಕು. ಅದರ ಜೊತೆಗೇ ಲೇಬಲ್ ಪ್ರಿಂಟರ್‌ನಿಂದ ಕೆಂಪು ಚೀಟಿ ಹೊರಬರಲಿ: ಭಾಗದ ಹೆಸರು, ಯಂತ್ರ, ಅಳತೆ, ಸಮಯ, ಯಾವ ನಂಬರಿನಿಂದ ಯಾವ ನಂಬರಿನವರೆಗೆ. ಕಂಪ್ಯೂಟರಿನಲ್ಲಿ ಮಾತ್ರ ತಡೆದ ಮಾಲು ಟ್ರಾಲಿ ತಳ್ಳುವವರ ಕಣ್ಣಿಗೆ ಕಾಣುವುದಿಲ್ಲ. ಕೆಂಪು ಚೀಟಿ ಅಂಟಿದ ಟ್ರೇ ಕಾಣುತ್ತದೆ.

'ಯಾವ ನಂಬರಿನಿಂದ' ಎಂಬುದರಲ್ಲಿ ಜೀವ ಇದೆ. ಕೆಟ್ಟ ಅಳತೆ ಸಿಕ್ಕಿದ್ದು ಎರಡು ಗಂಟೆಗೆ ಎಂದರೆ ತಪ್ಪು ಶುರುವಾದದ್ದು ಎರಡಕ್ಕೇ ಎಂದಲ್ಲ. ಹಿಂದಿನ ಸರಿ ಅಳತೆ ಒಂದು ಗಂಟೆಯದ್ದಾದರೆ ಅಲ್ಲಿಂದ ಇಲ್ಲಿಯವರೆಗಿನ 40 ಪೀಸೂ ಅನುಮಾನದ ಮಾಲು. ಸಾಫ್ಟ್‌ವೇರ್ 'ಕೊನೆಯ ಸರಿ ಅಳತೆಯಿಂದ' ಎಂದು ತಾನೇ ಹಿಂದೆ ಎಣಿಸುವಂತೆ ಇಡಿ. ಪಾಳಿ ಬದಲಾಗುವ ಗಡಿ ದಾಟಿಯೂ ಎಣಿಸುತ್ತದೆಯೇ ಎಂದು ಪರೀಕ್ಷಿಸಿ. ನಮ್ಮಲ್ಲಿ ಮೊದಲು ಹೊಸ ಪಾಳಿ ಬಂದರೆ ಎಣಿಕೆ ಸೊನ್ನೆಯಾಗುತ್ತಿತ್ತು.

ಆಮೇಲೆ ಮರು ಅಳತೆ. ಸಾಫ್ಟ್‌ವೇರ್ ಒಂದೇ ಒಂದು ಮರು ಅಳತೆ ಕೇಳಲಿ: ಅದೇ ಪೀಸು, ಚೆನ್ನಾಗಿ ಒರೆಸಿ, ಗೇಜನ್ನು ಅಳತೆ ಖಚಿತವಿರುವ ಮಾಸ್ಟರ್ ರಿಂಗಿನಲ್ಲಿ ಸೊನ್ನೆ ನೋಡಿ. ಬೋರಿನೊಳಗೆ ಒಂದು ಚೂರು ಸಿಕ್ಕಿಕೊಂಡಿದ್ದರೂ ಅಳತೆ ಸಣ್ಣದಾಗಿ ಬರುತ್ತದೆ. ಆದರೆ ಮೊದಲ ಅಂಕಿ ಅಳಿಸಿಹೋಗಬಾರದು, ಎರಡೂ ದಾಖಲೆಯಲ್ಲಿರಬೇಕು. ಎರಡೂ ಒಂದಕ್ಕೊಂದು ಹೊಂದದಿದ್ದರೆ ಬೇರೆಯವರು, ಬೇರೆ ಗೇಜಿನಲ್ಲಿ ನೋಡಲಿ. ಪಾಸಾಗುವವರೆಗೆ ಅಳೆಯುವ ಅಭ್ಯಾಸಕ್ಕೆ ಬಾಗಿಲು ತೆರೆದರೆ ಈ ಇಡೀ ವ್ಯವಸ್ಥೆ ವ್ಯರ್ಥ.

ಕಾರಣ ತುಂಬುವ ಪಟ್ಟಿ ಚಿಕ್ಕದಾಗಿರಲಿ, ಕನ್ನಡದಲ್ಲಿರಲಿ, ಆಪರೇಟರ್‌ಗಳ ಬಾಯಿಯ ಮಾತಿನಲ್ಲಿರಲಿ. ನಮ್ಮಲ್ಲಿ ಬೋರಿಗೆ ಮೊದಲು ಇಟ್ಟದ್ದು ಏಳು: ಇನ್ಸರ್ಟ್ ಸವೆದಿದೆ, ಇನ್ಸರ್ಟ್ ಚಕ್ಕೆ ಹೋಗಿದೆ, ಆಫ್‌ಸೆಟ್ ತಪ್ಪು, ಜಾ ಕ್ಲ್ಯಾಂಪ್ ಸಡಿಲ, ಕೂಲೆಂಟ್ ಬರುತ್ತಿಲ್ಲ, ಕಚ್ಚಾ ಎರಕದ ತೊಂದರೆ, ಗೇಜಿನ ತೊಂದರೆ. 'ಇತರೆ' ಆರಿಸಿದರೆ ಎರಡು ಮಾತು ಬರೆಯಲೇಬೇಕು.

ತಡೆ ತೆಗೆಯುವ ಅಧಿಕಾರ ಲೈನಿನವರಿಗೆ ಕೊಡಬೇಡಿ. ಕ್ವಾಲಿಟಿಯವರ ಲಾಗಿನ್‌ಗೆ ಮಾತ್ರ ಇರಲಿ. ಐಎಸ್‌ಒ 9001:2015ರ 8.7ನೇ ಕಲಂ ಕೇಳುವುದೂ ಇದನ್ನೇ: ಹೊಂದದ ಮಾಲಿನ ಬಗ್ಗೆ ಏನು ನಿರ್ಧಾರವಾಯಿತು, ಯಾರು ತೆಗೆದುಕೊಂಡರು ಎಂಬುದಕ್ಕೆ ದಾಖಲೆ ಇರಬೇಕು. ವಾಹನದ ಭಾಗ ಮಾಡುವವರು ಆ ಉದ್ಯಮದ ಗುಣಮಟ್ಟದ ಮಾನದಂಡವಾದ ಐಎಟಿಎಫ್ 16949ರಡಿ ಬರುವುದರಿಂದ, ಸ್ಪೆಕ್ ದಾಟಿದ್ದನ್ನು ಹಾಗೇ ಕಳಿಸುವುದಿದ್ದರೆ ಗ್ರಾಹಕರ ಒಪ್ಪಿಗೆಯನ್ನು ಮೊದಲೇ ಪಡೆದಿರಬೇಕು. ಆ ಒಪ್ಪಿಗೆ ಪತ್ರದ ನಂಬರ್ ತುಂಬದೆ 'ಹಾಗೇ ಬಿಡು' ಎಂಬ ಗುಂಡಿ ಕೆಲಸವೇ ಮಾಡದಂತೆ ಇಡಬಹುದು.

ಹೆಜ್ಜೆ 6: ಯಂತ್ರ ನಿಲ್ಲಿಸುವುದು, ದೀಪ ಹಚ್ಚುವುದು

ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರಕ್ಕೆ ಪಿಎಲ್‌ಸಿ (ಯಂತ್ರಗಳನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರ್) ಮೂಲಕ ಒಂದು ಸಿಗ್ನಲ್ ಕೊಟ್ಟು ಮುಂದಿನ ಸೈಕಲ್ ಸ್ಟಾರ್ಟ್ ಆಗದಂತೆ ತಡೆಯಬಹುದು. ಮುಂದಿನ ಸೈಕಲ್ ಎಂಬುದನ್ನು ಒತ್ತಿ ಹೇಳುತ್ತೇನೆ. ಟೂಲ್ ಬೋರಿನೊಳಗೆ ಕತ್ತರಿಸುತ್ತಿರುವಾಗ ನಿಲ್ಲಿಸಿದರೆ ಪೀಸೂ ಹೋಗುತ್ತದೆ, ಇನ್ಸರ್ಟೂ ಹೋಗುತ್ತದೆ. ಎಮರ್ಜೆನ್ಸಿ ಸ್ಟಾಪ್ ವೈರಿಂಗ್‌ಗೆ ಕ್ವಾಲಿಟಿ ಸಾಫ್ಟ್‌ವೇರ್‌ನ ತಂತಿ ಮುಟ್ಟಲೇಬಾರದು. ಅದು ಮನುಷ್ಯರ ಪ್ರಾಣಕ್ಕೆ ಇರುವ ಸರ್ಕ್ಯೂಟ್.

ಫೌಂಡ್ರಿ ಕಡೆ ಇನ್ನೂ ಎಚ್ಚರ ಬೇಕು. ಲ್ಯಾಡಲ್ ತುಂಬ ಕಾದ ಲೋಹ ತೂಗಾಡುತ್ತಿರುವಾಗ ಯಾವ ಕಂಪ್ಯೂಟರೂ ಕ್ರೇನನ್ನೋ ಲೈನನ್ನೋ ತಾನಾಗಿ ನಿಲ್ಲಿಸುವಂತಿರಬಾರದು. ಅಲ್ಲಿ ನಾವು ಇಟ್ಟಿರುವುದು ದೀಪ ಮತ್ತು ಹಾರ್ನ್ ಮಾತ್ರ. ಮೆಗ್ನೀಸಿಯಂ ಕಡಿಮೆ ಬಂದರೆ ಕೆಂಪು ದೀಪ. ನೋಡಿದ ಮೇಸ್ತ್ರಿ ಆ ಲ್ಯಾಡಲ್ಲನ್ನು ಅಚ್ಚಿಗೆ ಸುರಿಯದೆ ಪಿಗ್ ಮೋಲ್ಡಿಗೆ (ಮತ್ತೆ ಕರಗಿಸಲು ಗಟ್ಟಿಗಳಾಗಿ ಎರೆಯುವ ತೊಟ್ಟಿಗೆ) ಹಾಕಿಸುತ್ತಾರೆ. ಅಷ್ಟರಲ್ಲಿ ಸುರಿದಾಗಿದ್ದ ಅಚ್ಚುಗಳ ನಂಬರನ್ನು ಸಾಫ್ಟ್‌ವೇರ್ ತಡೆಗೆ ಹಾಕುತ್ತದೆ. ಆ ಎರಕಗಳ ಗ್ರಾಫೈಟನ್ನು ಮೈಕ್ರೋಸ್ಕೋಪಿನಲ್ಲಿ ನೋಡಿಯೇ ಬಿಡುವುದು.

ಹೆಜ್ಜೆ 7: ಮೆಸೇಜು ಯಾರಿಗೆ, ಯಾವ ಮಾತಿನಲ್ಲಿ

ಹೆಸರಿಗೆ ಕಳಿಸಬೇಡಿ, ಪಾಳಿಗೆ ಕಳಿಸಿ. ನನ್ನ ತೀರ್ಥಹಳ್ಳಿಯ ರಾತ್ರಿ ಕಲಿಸಿದ ಪಾಠ ಇದು. ಸಾಫ್ಟ್‌ವೇರ್‌ನಲ್ಲಿ 'ರಾತ್ರಿ ಪಾಳಿ ಕ್ವಾಲಿಟಿ' ಎಂಬ ಹುದ್ದೆ ಮಾಡಿ, ಪಾಳಿ ಶುರುವಾಗುವಾಗ ಲಾಗಿನ್ ಆದವರಿಗೆ ಆ ಹುದ್ದೆ ಬರುವಂತೆ ಜೋಡಿಸಿ. ಯಾರೂ ಲಾಗಿನ್ ಆಗದೆ ಹದಿನೈದು ನಿಮಿಷ ಕಳೆದರೆ ಅದಕ್ಕೂ ಒಂದು ಎಚ್ಚರಿಕೆ ಇರಲಿ.

ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕುವ ಉಪಾಯ ಎಲ್ಲರಿಗೂ ಹೊಳೆಯುತ್ತದೆ, ನಮಗೂ ಹೊಳೆದಿತ್ತು. ಇಪ್ಪತ್ತು ಜನ ನೋಡಿದರು, ಎಲ್ಲರೂ ಇನ್ನೊಬ್ಬರು ಹೋಗುತ್ತಾರೆ ಎಂದುಕೊಂಡರು. ಒಬ್ಬರಿಗೆ ಕಳಿಸಿ, ಅವರು 'ನೋಡಿದೆ' ಎಂದು ಒತ್ತುವವರೆಗೆ ಗಡಿಯಾರ ಓಡಲಿ. ನಮ್ಮಲ್ಲಿ 10 ನಿಮಿಷದೊಳಗೆ ಪಾಳಿಯವರು ಒತ್ತದಿದ್ದರೆ ಪ್ರೊಡಕ್ಷನ್ ಸೂಪರ್‌ವೈಸರ್‌ಗೆ, 30 ನಿಮಿಷಕ್ಕೆ ಇಬ್ಬರ ವಿಭಾಗದ ಮುಖ್ಯಸ್ಥರಿಗೆ ಹೋಗುತ್ತದೆ. ಅಲ್ಲಿಂದ ಮೇಲಕ್ಕೆ ಕಳಿಸುವುದಿಲ್ಲ. ಕಾರ್ಖಾನೆಯ ಮಾಲೀಕರಿಗೆ ಬೆಳಿಗ್ಗೆ ಎಂಟಕ್ಕೆ ಒಂದು ಪಟ್ಟಿ ಸಾಕು. ನಡುರಾತ್ರಿ ಅವರ ಫೋನ್ ಬಡಿದರೆ ಮಾರನೆಯ ದಿನದಿಂದ ಲೈನಿನವರು ಅಳತೆ ಹಾಕುವುದಕ್ಕೇ ಹೆದರುತ್ತಾರೆ.

ಎಸ್‌ಎಂಎಸ್ ಬಳಸುವುದಾದರೆ ಮೊದಲೇ ತಯಾರಿ ಬೇಕು. ದೂರಸಂಪರ್ಕ ನಿಯಂತ್ರಕ ಟ್ರಾಯ್ ನಿಯಮದಂತೆ ಕಂಪ್ಯೂಟರಿನಿಂದ ಹೀಗೆ ಹೋಗುವ ಮೆಸೇಜಿಗೆ ಕಂಪನಿಯ ಹೆಸರು, ಹೆಡರ್ (ಕಳಿಸುವವರ ಗುರುತು), ಮೆಸೇಜಿನ ಮಾದರಿ ಎಲ್ಲವನ್ನೂ ಟೆಲಿಕಾಂ ಕಂಪನಿಗಳ ಡಿಎಲ್‌ಟಿ ಪೋರ್ಟಲ್‌ನಲ್ಲಿ ನೋಂದಾಯಿಸಿರಬೇಕು. ಮಾದರಿಗೆ ಹೊಂದದ ಮೆಸೇಜು ತಲುಪುವುದಿಲ್ಲ. ಕನ್ನಡದಲ್ಲಿ ಬರೆದರೆ ಒಂದು ಎಸ್‌ಎಂಎಸ್‌ಗೆ 160 ಅಕ್ಷರ ಅಲ್ಲ, 70 ಮಾತ್ರ. ಅದರಲ್ಲೂ ದೀರ್ಘ, ಕೊಂಬು, ಒತ್ತಕ್ಷರದ ಚಿಹ್ನೆ ಎಲ್ಲವೂ ಬೇರೆ ಬೇರೆಯಾಗಿ ಎಣಿಕೆಯಾಗುತ್ತವೆ. ಆದರೂ ಕನ್ನಡದಲ್ಲೇ ಕಳಿಸಿ. ನಮ್ಮದು ಹೀಗಿದೆ:

ಹಬ್ ಬೋರ್ 61.997. ಯಂತ್ರ 4. ಮಾಲು ತಡೆದಿದೆ. 10 ನಿಮಿಷದಲ್ಲಿ ಬನ್ನಿ

ಇಷ್ಟು 70ರೊಳಗೆ ಕೂರುತ್ತದೆ. ಏನಾಯಿತು, ಎಲ್ಲಿ, ಆಗಲೇ ಏನು ಮಾಡಿದೆ, ನೀವೇನು ಮಾಡಬೇಕು. ಮೊದಲು ಇದ್ದದ್ದು 'ಕ್ಯಾರೆಕ್ಟರಿಸ್ಟಿಕ್ ಔಟ್ ಆಫ್ ಸ್ಪೆಸಿಫಿಕೇಶನ್' ಎಂಬ ಇಂಗ್ಲಿಷ್ ಸಾಲು ಮತ್ತು ಒಂದು ಉದ್ದ ಕೋಡ್ ನಂಬರ್. ಅದನ್ನು ಓದಿ ಯಾರೂ ಓಡಿಬಂದದ್ದು ನನಗೆ ನೆನಪಿಲ್ಲ.

ಹೆಜ್ಜೆ 8: ಮಳೆಗಾಲಕ್ಕೆ ಸಿದ್ಧತೆ

ಇದು ಮಲೆನಾಡಿನವರು ಬಿಡಲೇಬಾರದ ಹೆಜ್ಜೆ. ಕಾರ್ಖಾನೆಯ ಒಳಗೆ ನಡೆಯಬೇಕಾದ ಯಾವ ಸ್ಪಂದನೆಯೂ ಇಂಟರ್ನೆಟ್ಟಿನ ಮೇಲೆ ನಿಂತಿರಬಾರದು. ಲಾಟು ತಡೆಯುವುದು, ದೀಪ, ಸೈಕಲ್ ಸ್ಟಾರ್ಟ್ ತಡೆ, ಕೆಂಪು ಚೀಟಿ ಇಷ್ಟೂ ಒಳಗಿನ ಸರ್ವರ್‌ನಿಂದಲೇ ಆಗಲಿ. ಮೆಸೇಜು ಮತ್ತು ವರದಿ ಮಾತ್ರ ಹೊರಗೆ ಹೋಗಲಿ. ಗಾಳಿಮಳೆಗೆ ಮರ ಬಿದ್ದು ಫೈಬರ್ ಕೇಬಲ್ ತುಂಡಾದ ದಿನವೂ ಲೈನು ಕಾಯಬೇಕು.

ಸರ್ವರ್, ನೆಟ್‌ವರ್ಕ್ ಸ್ವಿಚ್, ಅಳತೆ ಟೇಬಲ್ಲಿನ ಕಂಪ್ಯೂಟರ್ ಮೂರಕ್ಕೂ ಯುಪಿಎಸ್ ಕೊಡಿ. ನಾವು ಸ್ವಿಚ್ ಮರೆತಿದ್ದೆವು. ಎರಡೂ ಕಂಪ್ಯೂಟರ್ ಓಡುತ್ತಿದ್ದವು, ಒಂದಕ್ಕೊಂದು ಮಾತಾಡುತ್ತಿರಲಿಲ್ಲ. ಸಾಫ್ಟ್‌ವೇರ್ ಪಿಎಲ್‌ಸಿಗೆ ಐದು ಸೆಕೆಂಡಿಗೊಮ್ಮೆ 'ನಾನಿದ್ದೇನೆ' ಎಂಬ ಸಿಗ್ನಲ್ ಕೊಡಲಿ. 30 ಸೆಕೆಂಡು ಅದು ಬರದಿದ್ದರೆ ಪಿಎಲ್‌ಸಿ ತಾನೇ ಹಳದಿ ದೀಪ ಹಚ್ಚಲಿ. ಹಳದಿ ಕಂಡ ಕೂಡಲೇ ಆಪರೇಟರ್ ಯಂತ್ರದ ಪಕ್ಕ ನೇತುಹಾಕಿದ ಕಾಗದದ ಚಾರ್ಟಿಗೆ ಬದಲಾಗುತ್ತಾರೆ. ಅಳತೆ ಇಲ್ಲದಿರುವುದನ್ನು ಅಳತೆ ಸರಿ ಇದೆ ಎಂದು ಓದುವ ಅಪಾಯ ದೊಡ್ಡದು.

ಮರಳಿಗೆ ಆರಿದ್ರಾ ಮಳೆ ಹಿಡಿಯುವ ಮುಂಚೆ ಒಂದು ಸುತ್ತು ನೋಡಿಕೊಳ್ಳಬೇಕು. ಹಸಿ ಮರಳಿನ ತೇವಾಂಶ ನಮ್ಮಲ್ಲಿ ಶೇ. 3ರಿಂದ 4ರೊಳಗೆ ಓಡುತ್ತದೆ. ಜೂನ್ ಬಂದರೆ ಹೊಸ ಮರಳು ಲಾರಿಯಿಂದಲೇ ನೀರು ಕುಡಿದು ಬರುತ್ತದೆ. ಬೇಸಿಗೆಯಲ್ಲಿ ಹಾಕುವಷ್ಟೇ ನೀರು ಮಿಕ್ಸರಿಗೆ ಹಾಕಿದರೆ ಮಿತಿ ದಾಟುವುದು ಖಚಿತ. ಇದಕ್ಕೆ ಮಿತಿ ಸಡಿಲಿಸಬೇಡಿ. ಮಳೆಗಾಲದಲ್ಲಿ ಪರೀಕ್ಷೆಯ ಸಂಖ್ಯೆ ಹೆಚ್ಚಿಸಿ, ಮರಳಿನ ರಾಶಿಗೆ ಸೂರು ಹಾಕಿಸಿ.

ಹೆಜ್ಜೆ 9: ಮೌನವಾಗಿ ಓಡಿಸಿ, ಆಮೇಲೆ ಬಾಯಿ ಬಿಡಿಸಿ

ಎಲ್ಲ ಜೋಡಿಸಿದ ಮೇಲೆ ಎರಡು ವಾರ ಯಾವ ದೀಪವೂ ಉರಿಯದಂತೆ, ಯಾವ ಮೆಸೇಜೂ ಹೋಗದಂತೆ, ದಾಖಲೆ ಮಾತ್ರ ಬೀಳುವಂತೆ ಓಡಿಸಿ. ದಿನವೂ ಪಟ್ಟಿ ತೆಗೆದು ಪ್ರತಿಯೊಂದರ ಎದುರು 'ಇದಕ್ಕೆ ಯಾರಾದರೂ ಏನಾದರೂ ಮಾಡಬೇಕಿತ್ತೇ' ಎಂದು ಬರೆಯಿರಿ. ಇಲ್ಲ ಎಂಬ ಉತ್ತರ ಹೆಚ್ಚಾದ ನಿಯಮ ತೆಗೆಯಿರಿ. ಆಮೇಲೆ ಒಂದೇ ಲೈನಿನಲ್ಲಿ ಜೀವಂತ ಮಾಡಿ.

ಸುಳ್ಳು ಅಳತೆ ಹಾಕಿ ಪರೀಕ್ಷೆಯನ್ನೂ ಮಾಡಿ, ಆದರೆ ಪರೀಕ್ಷೆಗೆಂದೇ ಬೇರೆ ಭಾಗದ ನಂಬರ್ ಇಟ್ಟುಕೊಂಡು. ನಿಜವಾದ ದಾಖಲೆಯಲ್ಲಿ ಸುಳ್ಳು ಅಂಕಿ ಸೇರಬಾರದು. ನಾವು ಹಾಕಿ ನೋಡುವುದು ಇವು: ಸರಿಯಾದ ಅಳತೆ, ಸರಿಯಾಗಿ ಸ್ಪೆಕ್ ಗೆರೆಯ ಮೇಲೇ ಬಿದ್ದ 62.030, ಅದರಾಚೆಯ 62.031, ಟೈಪಿಂಗ್ ತಪ್ಪು, ಖಾಲಿ ಅಳತೆ, ಪಾಳಿ ಬದಲಾಗುವ ನಿಮಿಷದಲ್ಲಿ ಬಂದ ಕೆಟ್ಟ ಅಳತೆ. 62.030 ಸ್ವೀಕಾರವಾಗಬೇಕು, 62.031 ತಡೆಯಾಗಬೇಕು. ದಶಮಾಂಶದ ಎರಡೇ ಅಂಕಿಗೆ ಸಾಫ್ಟ್‌ವೇರ್ ಸೆಟ್ ಆಗಿದ್ದರೆ ಎರಡೂ 62.03 ಆಗಿ ಒಳಗೆ ಬಂದುಬಿಡುತ್ತವೆ. ನಮ್ಮಲ್ಲಿ ಇದೇ ಆಗಿತ್ತು. ಪರೀಕ್ಷೆ ಮಾಡದಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಒಂದು ಸಲವಾದರೂ ರಾತ್ರಿ ಎರಡು ಗಂಟೆಗೆ ಪರೀಕ್ಷಿಸಿ. ಹಗಲು ಹತ್ತಕ್ಕೆ ಎಲ್ಲವೂ ಕೆಲಸ ಮಾಡುತ್ತದೆ.

ಹೆಜ್ಜೆ 10: ತಿಂಗಳಿಗೊಮ್ಮೆ ಕಳೆ ಕೀಳುವುದು

ತಿಂಗಳ ಮೊದಲ ಸೋಮವಾರ ಹಿಂದಿನ ತಿಂಗಳ ಎಲ್ಲ ಎಚ್ಚರಿಕೆಗಳನ್ನು ಒಂದು ಹಾಳೆಯಲ್ಲಿ ತೆಗೆಯುತ್ತೇವೆ. ಎಷ್ಟು ಬಂದವು, ಎಷ್ಟು ನಿಮಿಷಕ್ಕೆ ಒತ್ತಿದರು, ಯಾವ ಕಾರಣ ಎಷ್ಟು ಸಲ. ಯಾರೂ ಏನೂ ಮಾಡದೆ ಮುಚ್ಚಿದ ಎಚ್ಚರಿಕೆ ಮೂರು ಸಲ ಕಂಡರೆ ಆ ನಿಯಮವನ್ನೋ ಆ ಗೇಜನ್ನೋ ನೋಡಲು ಒಬ್ಬರಿಗೆ ಒಪ್ಪಿಸುತ್ತೇವೆ. ಇನ್ಸರ್ಟ್ ಕಂಪನಿ, ಜಾ, ಯಂತ್ರದ ಸ್ಪಿಂಡಲ್ ಬದಲಾದರೆ ಕಂಟ್ರೋಲ್ ಮಿತಿಯ ಬೀಗ ತೆಗೆದು ಹೊಸದಾಗಿ 25 ಗುಂಪು ಅಳೆದು ಮತ್ತೆ ಬೀಗ.

'ಇತರೆ' ಎಂದು ಬರೆದದ್ದನ್ನು ಗಟ್ಟಿಯಾಗಿ ಓದುವುದು ಈ ಸಭೆಯಲ್ಲೇ. ಕಳೆದ ಸಲ ನಾಲ್ಕನೇ ಯಂತ್ರದ ಆಪರೇಟರ್ ಮೂರು ರಾತ್ರಿ ಒಂದೇ ಮಾತು ಬರೆದಿದ್ದರು: 'ಪೀಸು ಬಿಸಿ ಇದೆ.' ಹಿಂದಿನ ಯಂತ್ರದಿಂದ ಬಂದ ಹಬ್ ತಣ್ಣಗಾಗುವ ಮೊದಲೇ ಅಳೆಯುತ್ತಿದ್ದೆವು. ಬಿಸಿಗೆ ಬೋರ್ ಹಿಗ್ಗಿ ಅಳತೆ ದೊಡ್ಡದು ಬರುತ್ತಿತ್ತು, ನಾವು ಆಫ್‌ಸೆಟ್ ಇಳಿಸುತ್ತಿದ್ದೆವು, ತಣಿದ ಮೇಲೆ ಬೋರ್ ಸಣ್ಣದಾಗುತ್ತಿತ್ತು. ಎರಕದ ಕಬ್ಬಿಣ ಒಂದು ಡಿಗ್ರಿಗೆ ಮೀಟರಿಗೆ ಸುಮಾರು 11 ಮೈಕ್ರಾನ್ ಹಿಗ್ಗುತ್ತದೆ. 62 ಮಿ.ಮೀ. ಬೋರಿಗೆ 15 ಡಿಗ್ರಿ ಹೆಚ್ಚಾದರೆ 0.010 ಮಿ.ಮೀ., ನಮ್ಮ ಸ್ಪೆಕ್‌ನ ಮೂರನೇ ಒಂದು ಪಾಲು. ಈಗ ಅಳತೆ ಟೇಬಲ್ ಪಕ್ಕ ಗ್ರಾನೈಟ್ ಕಲ್ಲೊಂದು ಹಾಕಿದ್ದೇವೆ. ಹಬ್ ಅದರ ಮೇಲೆ ಇಪ್ಪತ್ತು ನಿಮಿಷ ಕೂತ ಮೇಲೆಯೇ ಸಾಫ್ಟ್‌ವೇರ್ ಅಳತೆಯ ಖಾನೆ ತೆರೆಯುತ್ತದೆ. ಕಾರಣಗಳ ಪಟ್ಟಿಯಲ್ಲಿ ಈಗ ಎಂಟಿವೆ. ಎಂಟನೆಯದನ್ನು ಅವರು ಬರೆದ ಮಾತಿನಲ್ಲೇ ಇಟ್ಟಿದ್ದೇವೆ.